ಅಮ್ಮನ ಹಾಸಿಗೆಯ ಹಿಂದಿನ ಗೋಡೆ

ಟರ್ರ್...

ನಡುರಾತ್ರಿಯಲ್ಲಿ ಸಣ್ಣದೊಂದು ಸದ್ದು. ಬುರುಲ್‌ಗೆ ಎಚ್ಚರವಾಯಿತು. ಕಿಟಕಿಯ ಸಂದಿಗೆ ಹಿಟ್ಟಿನ ಅಂಟು ಹಚ್ಚಿ ಮೆತ್ತಿದ್ದ ಕಾಗದದ ಪಟ್ಟಿ ಮತ್ತೆ ಬಿಟ್ಟುಕೊಂಡಿತ್ತು. ಈ ಚಳಿಗಾಲದಲ್ಲಿ ಇದು ನಾಲ್ಕನೆಯ ಸಲ.

ಅದರ ಹಿಂದೆಯೇ ಅಮ್ಮನ ಕೆಮ್ಮು.

"ಬಂದೆ ಅಪಾ," ಎಂದು ಅಮ್ಮನಿಗೆ ಹೇಳಿ ಬುರುಲ್ ಒಲೆಗೆ ಕಲ್ಲಿದ್ದಲು ಹಾಕಿದಳು. ತನ್ನ ಕೋಟನ್ನೂ ಅಮ್ಮನಿಗೆ ಹೊದಿಸಿದಳು. ಬೆಳಗಾಗುವುದನ್ನು ಕಾಯುತ್ತ ಕುಳಿತಳು. ಇವರ ಶ್ವಾಸಕೋಶ ಚಳಿ ತಡೆಯುವುದಿಲ್ಲ, ಮನೆ ಬೆಚ್ಚಗಿಡಿ ಎಂದು ಡಾಕ್ಟರ್ ಹೇಳಿ ಹೋಗಿದ್ದರು. ಅಜ್ಜನ ಕಾಲದ ಈ ಮಣ್ಣಿಟ್ಟಿಗೆಯ ಮನೆಯನ್ನು ಬೆಚ್ಚಗಿಡುವುದು ಹೇಗೆಂದು ಹೇಳಿರಲಿಲ್ಲ.

ಬೆಳಿಗ್ಗೆ ಎಲ್ದಿಯಾರ್‌ಗೆ ಹೇಳಿ ಕಳಿಸಿದಳು. ಹಳೆಯ ಮನೆಗಳ ಗೋಡೆಗೆ ಕುರಿಯುಣ್ಣೆ ತುಂಬುವವನು ಅಟ್-ಬಾಶಿ ಊರಿನಲ್ಲಿ ಅವನೊಬ್ಬನೇ.

ಬಂದವನು ನೇರವಾಗಿ ಉತ್ತರದ ಗೋಡೆಗೆ ಅಂಗೈ ಇಟ್ಟ. ಬೆರಳಿಗೆ ಬಿಳಿಯ ಹಿಮ ಅಂಟಿತು.

"ನೀವು ಮನೆ ಕಾಯಿಸ್ತಿಲ್ಲ ಟೀಚರಮ್ಮ, ಬೀದಿ ಕಾಯಿಸ್ತಿದ್ದೀರ."

"ಗೊತ್ತು ಮೇಸ್ತ್ರಿ. ಅದಕ್ಕೇ ಕರೆಸಿದ್ದು. ಬೈಸಿಕೊಳ್ಳೋಕಲ್ಲ."

ಅವನು ತಿರುಗಿ ಅವಳನ್ನು ನೋಡಿದ. ನಿದ್ದೆಯಿಲ್ಲದೆ ಕೆಂಪಾದ ಕಣ್ಣು, ಕೋಟಿಲ್ಲದೆ ನಡುಗುವ ಹೆಗಲು... ನಾಳೆಯೇ ಶುರು ಮಾಡುತ್ತೇನೆ ಎಂದಷ್ಟೇ ಮೆಲ್ಲಗೆ ಹೇಳಿ ಹೊರಟ.

ಕೆಲಸ ಮುಗಿಯುವವರೆಗೆ ಅಮ್ಮ ನೆರೆಮನೆಯ ಸೋನುನ್‌ಬೂ ಬಳಿ ಇರಬೇಕಾಯಿತು. ಅವನು ಗೋಡೆಯುದ್ದಕ್ಕೂ ಮರದ ಪಟ್ಟಿ ಹೊಡೆದ. ತೊಳೆದು ಒಣಗಿಸಿದ ಉಣ್ಣೆಯನ್ನು ಅವುಗಳ ನಡುವೆ ತುಂಬುತ್ತ, ಮೇಲೆ ಜೊಂಡಿನ ಚಾಪೆ ಬಿಗಿಯುತ್ತ ಹೋದ. ಅವಳು ಶಾಲೆಯಿಂದ ಬಂದು ಉಪ್ಪುಚಹಾ ಕೊಡುತ್ತಿದ್ದಳು. ಒಂದು ದಿನ ಅವನನ್ನೇ ನೋಡುತ್ತ ಬಟ್ಟಲನ್ನು ಅಂಚಿನವರೆಗೂ ತುಂಬಿಸಿಬಿಟ್ಟಳು.

"ಅರ್ಧ ಬಟ್ಟಲು ಕೊಟ್ರೆ ಇನ್ನೂ ಕೂತ್ಕೋ ಅಂತ. ತುಂಬಿಸಿ ಕೊಟ್ರೆ ಕುಡಿದು ನಡಿ ಅಂತ," ಎಂದು ನಕ್ಕ. "ನಡೀಲಾ?"

ಅವಳ ಮುಖ ಬಿಸಿಯಾಯಿತು. ಬಟ್ಟಲು ಕಸಿದುಕೊಂಡು ಅರ್ಧ ಚೆಲ್ಲಿ ತಂದಳು.

ಆರನೆಯ ದಿನ ಉಣ್ಣೆ ಮುಗಿಯಿತು. ಕುರಿಯ ಉಣ್ಣೆ ಕತ್ತರಿಸುವುದು ವಸಂತದಲ್ಲಿ. ಊರಿನ ಉಣ್ಣೆಯೆಲ್ಲ ಶರತ್ಕಾಲದಲ್ಲೇ ಮಾರಿಹೋಗಿತ್ತು, ಕಣಿವೆಯ ದಾರಿಯನ್ನು ಹಿಮ ಮುಚ್ಚಿತ್ತು. ಅಮ್ಮನ ಹಾಸಿಗೆಯ ಹಿಂದಿನ ಜಾಗವೇ ಖಾಲಿ ಉಳಿಯಿತು. ಸೋನುನ್‌ಬೂ ಬಂದು, ಅಮ್ಮ ರಾತ್ರಿಯಿಡೀ ಉಸಿರು ಎಳೆದುಕೊಳ್ಳುತ್ತಿದ್ದಾಳೆ, ಮನೆ ಮನೆ ಅನ್ನುತ್ತಿದ್ದಾಳೆ ಎಂದು ಹೇಳಿ ಹೋದಳು.

ಬುರುಲ್ ಪೆಟ್ಟಿಗೆ ತೆರೆದಳು. ಒಳಗೆ ಉಣ್ಣೆ ತುಂಬಿದ ಐದು ಹಾಸುಗಳು. ಅವಳು ಹುಟ್ಟಿದ ವರ್ಷದಿಂದ ಅಮ್ಮ ಒಂದೊಂದೇ ಹೊಲಿದು ಮದುವೆಗೆಂದು ಇಟ್ಟವು. ಹೆಣ್ಣಿನ ಮದುವೆ ಹಾಸು ಅವಳು ಗಂಡನ ಮನೆಗೆ ಹೊರಟಾಗ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತದೆ. ಅದಕ್ಕೆ ಮೊದಲೇ ಬಂದರೆ, ಅವಳು ಯಾರ ಮನೆಗೂ ಹೋಗುವುದಿಲ್ಲ ಎಂದೇ ಅರ್ಥ. ಊರಲ್ಲಿ ಇದು ಮಕ್ಕಳಿಗೂ ಗೊತ್ತು.

ಐದನ್ನೂ ಅವನ ಮುಂದಿಟ್ಟಳು. "ಇವನ್ನ ತುಂಬಿ."

ಅವನ ಕೈ ನಿಂತಿತು.

ಬೇಡ ಅನ್ನಲಿ... ಒಂದೇ ಒಂದು ಸಲ ಬೇಡ ಅನ್ನಲಿ!

"ಯೋಚನೆ ಮಾಡಿದ್ದೀರಾ?" ಅವನು ಕೇಳಿದ್ದು ಅಷ್ಟೇ.

ಅವಳು ತಲೆಯಾಡಿಸಿದಳು. ಚಾಕು ಮೊದಲ ಹಾಸಿನೊಳಗೆ ಇಳಿಯಿತು. ಬುರುಲ್ ಅಡುಗೆಮನೆಗೆ ಹೋಗಿ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿ ನಿಂತಳು. ಅವನಿಗೆ ನಾನು ಒಂದು ಗೋಡೆಯಷ್ಟೇ...

ಆಮೇಲೆ ಅವನು ತಮಾಷೆ ಮಾಡಲಿಲ್ಲ. ಚಹಾಕ್ಕೂ ಕೂರಲಿಲ್ಲ. ಜೊಂಡಿನ ಮೇಲೆ ಹುಲ್ಲು ಕಲಸಿದ ಮಣ್ಣು ಮೆತ್ತಿದ. ಅದು ಒಣಗಿದ ದಿನ ಅಮ್ಮನನ್ನು ಎತ್ತಿಕೊಂಡು ಬಂದು ಹಾಸಿಗೆಯಲ್ಲಿ ಕೂರಿಸಿ, ಚೀಲ ಹೆಗಲಿಗೇರಿಸಿದ.

ಬುರುಲ್ ಅಂಗಳದವರೆಗೂ ಓಡಿದಳು.

"ಕತ್ತರಿಸುವಾಗ ನಿಮಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸಿ ಏನು ಮಾಡ್ಲಿ? ಮದುವೆ ಹಾಸು ತಂದು ನನ್ನ ಕೈಗೇ ಕೊಟ್ರಿ. ಮದುವೆಗೆ ನನ್ನ ಕೇಳಬೇಡ ಅಂತ ಇದಕ್ಕಿಂತ ಬಿಡಿಸಿ ಯಾರು ಹೇಳ್ತಾರೆ?"

"ಬೇರೇನಿತ್ತು ನನ್ನ ಹತ್ರ?" ಅವಳ ದನಿ ಒಡೆಯಿತು. "ಅಪಾಗೆ ಉಸಿರು ಸಿಗ್ತಿರಲಿಲ್ಲ..."

ಅವನು ಚೀಲವನ್ನು ಹಿಮದ ಮೇಲೆ ಇಳಿಸಿದ.

"ಹಾಗಾದ್ರೆ ಈಗ ಕೇಳ್ತೀನಿ. ಬರಿಗೈಲಿ ಬರ್ತೀಯಾ?"

"ಅಪಾನ ಬಿಟ್ಟು ಬರೋಕಾಗಲ್ಲ."

"ನಾನೇ ಇಲ್ಲಿಗೆ ಬರ್ತೀನಿ."

"ಮನೆಯಳಿಯ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

"ಉಣ್ಣೆ ತುಂಬಿದ ಗೋಡೆ. ಒಳಗೆ ಕೇಳಿಸಲ್ಲ."

ಅವಳು ಅಳುತ್ತಲೇ ನಕ್ಕಳು.

ಒಳಗಿನಿಂದ ಅಮ್ಮ ಕರೆದಳು. ಇಬ್ಬರೂ ಹೋದರು. ಅಮ್ಮ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಳು. ಕೆಮ್ಮು ನಿಂತಿರಲಿಲ್ಲ, ಆದರೆ ನಡುವೆ ಬಿಡುವು ಸಿಗುತ್ತಿತ್ತು.

"ಈ ಗೋಡೆ ಬೆಚ್ಚಗಿದ್ದದ್ದು ನನಗೆ ನೆನಪೇ ಇಲ್ಲ. ಏನು ತುಂಬಿದೆ ಮಗಾ?"

ಎಲ್ದಿಯಾರ್ ಬುರುಲ್‌ಳನ್ನು ನೋಡಿದ. "ಉಣ್ಣೆ, ಅಪಾ."

"ಒಳ್ಳೆ ಉಣ್ಣೆ." ಅಮ್ಮನ ನೋಟ ಪೆಟ್ಟಿಗೆಯ ಕಡೆ ಹೋಯಿತು. ವಸಂತಕ್ಕೆ ಹಾಸುಗಳನ್ನು ಬಿಸಿಲಿಗೆ ಹಾಕಬೇಕು, ನುಸಿ ಹಿಡಿದೀತು ಎಂದಳು. "ಅವುಗಳ ಮೇಲೆ ನೀನು ಕೂತಿದ್ದು ಒಂದು ಸಲ ನೋಡ್ಬೇಕು, ಬುರುಲ್."

ವಸಂತಕ್ಕೆ ಇನ್ನೂ ಮೂರು ತಿಂಗಳು. ಅಲ್ಲಿಯವರೆಗೆ ಅಮ್ಮ ಇರುತ್ತಾಳೆಂದು ಡಾಕ್ಟರ್ ಹೇಳಿರಲಿಲ್ಲ.

ಎಲ್ದಿಯಾರ್‌ನ ಬೆರಳುಗಳು ಬುರುಲ್‌ಳ ಬೆರಳುಗಳನ್ನು ಹಿಡಿದವು. ಹೇಳುವುದಿಲ್ಲ. ಅಮ್ಮನಿಗೂ ಇಲ್ಲ, ಸೋನುನ್‌ಬೂಗೂ ಇಲ್ಲ, ಯಾರಿಗೂ ಇಲ್ಲ.

ಅಮ್ಮನ ಪಕ್ಕದಲ್ಲಿ ಕುಳಿತು ತಾನೂ ಗೋಡೆಗೆ ಒರಗಿದಳು.

"ಆಗಲಿ ಅಪಾ," ಎಂದಳು. "ಹಿಮ ಕರಗಲಿ."