ಸುಯೆಯ ಹೆಜ್ಜೆ

೧೮೮೯ ಮಾರ್ಚ್ ೧೨, ಬೆಳಗ್ಗೆ ಎಂಟೂ ನಲವತ್ತು. ದ್ವೀಪದ ಹಮಾಕುವಾ ಠಾಣೆಗೆ ಕಬ್ಬಿನ ತೋಟದ ಮೇಸ್ತ್ರಿ ಮ್ಯಾಕ್ರೇ ದೂರು ತಂದ. ಹೊಸದಾಗಿ ಉತ್ತು ನೆಟ್ಟ ಏಳನೇ ಹೊಲದಲ್ಲಿ ಒಂದೇ ಜಾಗದ ಬಿತ್ತನೆ ತುಂಡುಗಳನ್ನು ಯಾರೋ ಮೂರು ಸಲ ಕಿತ್ತಿದ್ದರು.

“ಯಾರ ಮೇಲೆ ಅನುಮಾನ?” ಇನ್ಸ್‌ಪೆಕ್ಟರ್ ನಾಹಿನು ಕೇಳಿದ.

“ಕರಾರಿನ ಕೂಲಿಗಳು ನಾನೂರು ಜನ ಇದಾರೆ. ಆರಿಸ್ಕೊಳ್ಳಿ.”

ಹತ್ತೂವರೆಗೆ ಸ್ಥಳ ಪರೀಕ್ಷೆ. ಚಾಪೆಯಷ್ಟು ನೆಲ ಬರಿದಾಗಿತ್ತು. ಕಿತ್ತ ತುಂಡುಗಳಲ್ಲಿ ಒಂದನ್ನೂ ಹಾಳು ಮಾಡದೆ ಪಕ್ಕದ ಸಾಲುಗಳಲ್ಲಿ ನೆಟ್ಟು, ಮಣ್ಣನ್ನು ಕಾಲಿನಿಂದ ಒತ್ತಿದ್ದರು.

“ಹಂದಿಯಂತೂ ಅಲ್ಲ ಸಾಹೇಬ್ರೆ,” ಎಂದ ಕಾನ್‌ಸ್ಟೇಬಲ್ ಹೋಪಿಲಿ. “ಹಂದಿ ಸಾಲು ಹಿಡಿದು ನೆಡಲ್ಲ.”

ಹೆಜ್ಜೆ ಗುರುತು ಚಿಕ್ಕದು. ಹೆಬ್ಬೆರಳು ಬೇರೆಯಾಗಿ ಮೂಡಿತ್ತು. ಜಪಾನಿನ ಹೆಂಗಸರು ತಾವೇ ಹೊಲೆದುಕೊಳ್ಳುವ ಕಾಲುಚೀಲದ್ದು. ಬರಿನೆಲದ ನಡುವೆ ಇರುವೆಗಳು ಅನ್ನದ ಅಗುಳು ಹೊರುತ್ತಿದ್ದವು. ನಾಹಿನು ಟೋಪಿ ತೆಗೆದ.

ಮಧ್ಯಾಹ್ನ ಊಟದ ಗಂಟೆಯಾದಾಗ ಹೆಂಗಸರೆಲ್ಲ ಒಂದೆಡೆ ಕೂತರು. ಒಬ್ಬಳು ಮಾತ್ರ ಡಬ್ಬಿ ಹಿಡಿದು ಏಳನೇ ಹೊಲಕ್ಕೆ ಬಂದಳು. ನೆಲದ ಮೇಲೆ ಒಂದು ತುತ್ತು ಇಟ್ಟು ತಿರುಗಿದರೆ ಪೊಲೀಸರು. ಅವಳು ಓಡಲಿಲ್ಲ. ಕೊರಳಿನ ಹಿತ್ತಾಳೆ ಬಿಲ್ಲೆ ಎತ್ತಿ ತೋರಿಸಿದಳು. “ಮುನ್ನೂರ ಹತ್ತೊಂಬತ್ತು.”

“ನಂಬರ್ ಬೇಡ ತಾಯಿ. ಹೆಸರು.”

ಮೂರು ವರ್ಷದಲ್ಲಿ ತೋಟದ ಯಾರೂ ಅದನ್ನು ಕೇಳಿರಲಿಲ್ಲ. ಬಿಲ್ಲೆ ಕೆಳಗಿಳಿಸಿ ಹೇಳಿದಳು. “ಸುಯೆ.”

“ಇಲ್ಲಿ ಯಾರಿದ್ದಾರೆ?”

“ಮಗಳು. ಕಿನು. ನಾಲ್ಕು ತಿಂಗಳ ಕೂಸು. ಬೆನ್ನಿಗೆ ಕಟ್ಕೊಂಡೇ ಕಬ್ಬಿನ ತರಗು ಸುಲೀತಿದ್ದೆ. ಜ್ವರ ಬಂತು. ಆಗ ಇಲ್ಲಿ ಬರೀ ಹುಲ್ಲಿತ್ತು.”

“ಗುರುತಿಗೇನೂ ಇಡಲಿಲ್ವಾ?”

“ಕಲ್ಲಿಟ್ಟಿದ್ದೆ. ಉಳುವಾಗ ಎತ್ತಿ ಬಿಸಾಕಿದ್ರು.”

“ಮೇಸ್ತ್ರಿಗೆ ಹೇಳಬೇಕಿತ್ತು.”

“ಹೇಳ್ದೆ. ಕೂಲಿಗಳ ಪುಸ್ತಕ ನೋಡಿದ್ರು. ಮಗೂಗೆ ಬಿಲ್ಲೆ ಇರ್ಲಿಲ್ವಲ್ಲ, ಅಂಥವಳು ಯಾರೂ ಇಲ್ಲಾಂದ್ರು.” ಅವಳು ಅಂಗಿಯ ತೋಳಿಗೆ ಮುಖ ಒರೆಸಿಕೊಂಡಳು. “ಕಬ್ಬು ಎದ್ರೆ ಎಲ್ಲ ಕಡೆ ಒಂದೇ ಥರ ಕಾಣುತ್ತೆ ಸ್ವಾಮಿ. ಆಮೇಲೆ ಎಲ್ಲಿ ಅಂತ ಹುಡುಕ್ಲಿ?”

ಎರಡು ಗಂಟೆಗೆ ಪಂಚನಾಮೆ. ಹಳ್ಳದ ಮೂಲೆಯ ಕುಕುಯಿ ಮರದಿಂದ ನಾಹಿನು ತಾನೇ ನಡೆದು ಅಳೆದ. ಪೂರ್ವಕ್ಕೆ ನಲವತ್ತೆರಡು ಹೆಜ್ಜೆ. ಅಲ್ಲಿಂದ ಸಮುದ್ರದ ಕಡೆಗೆ ಒಂಬತ್ತು.

“ಇಷ್ಟಕ್ಕೆ ಅಳತೆ ಯಾಕ್ರೀ?” ಮ್ಯಾಕ್ರೇ ರೇಗಿದ.

“ದೂರು ಕೊಟ್ಟೋರು ನೀವೇ ಅಲ್ವಾ? ನ್ಯಾಯಾಧೀಶರು ನೋಡೋವರೆಗೆ ಈ ನೆಲ ಯಾರೂ ಮುಟ್ಟೋ ಹಾಗಿಲ್ಲ.”

ನಕ್ಷೆಯ ನಡುವೆ ಚೌಕ ಬರೆದು ಒಳಗೆ ‘ಸುಯೆಯ ಮಗಳು ಕಿನು, ಸಮಾಧಿ’ ಎಂದು ನಮೂದಿಸಿ, ಅಳತೆಯನ್ನು ಎರಡು ಸಲ ಗಟ್ಟಿಯಾಗಿ ಓದಿದ. ಮ್ಯಾಕ್ರೇಯಿಂದಲೂ ಸಹಿ ಹಾಕಿಸಿದ. ಮೂರೂ ಹತ್ತಕ್ಕೆ ಆರೋಪಿಯ ಬಂಧನ. ಕೃತ್ಯದ ಉದ್ದೇಶ: ಮಗಳಿರುವ ಜಾಗ ತಪ್ಪಿಹೋಗದಿರಲಿ ಎಂದು.

ಠಾಣೆಯ ದಾರಿಯುದ್ದಕ್ಕೂ ಸುಯೆಯ ತುಟಿ ಅಲುಗುತ್ತಿತ್ತು. ನಲವತ್ತೆರಡು. ಒಂಬತ್ತು. ತಿರುವಿನಲ್ಲಿ ಥಟ್ಟನೆ ನಿಂತಳು.

“ಸಾಹೇಬ್ರೆ, ನಿಮ್ಮ ಹೆಜ್ಜೆ ದೊಡ್ಡದು. ನನ್ನ ಹೆಜ್ಜೆಗೆ ಎಷ್ಟಾಗುತ್ತೆ?”

ಹೋಪಿಲಿ ಸಾಹೇಬರ ಮುಖ ನೋಡಿದ. ನಾಹಿನು ಬಂದ ದಾರಿಗೇ ತಿರುಗಿದ. ಸುಯೆ ಕುಕುಯಿ ಮರಕ್ಕೆ ಬೆನ್ನು ಕೊಟ್ಟು ನಿಂತು, ಎಣಿಸುತ್ತ ನಡೆದಳು. ಐವತ್ತೇಳು. ಆಮೇಲೆ ಹನ್ನೆರಡು.

ಪಂಚನಾಮೆಯ ಕೊನೆಯಲ್ಲಿ ನಾಹಿನು ಅದನ್ನೂ ಬರೆದುಕೊಂಡ.