ಶೆಲ್ಫಿನ ಮೇಲೆ ಉಳಿದ ತಟ್ಟೆ

ಯಹೂದಿಗಳು ಯಾವ ಕೆಲಸವನ್ನೂ ಮುಟ್ಟಬಾರದ ಸಬ್ಬತ್ ದಿನ ಕುದುರೆ ಹೂಡಿಕೊಂಡು ಬಂದವನ ಹಣೆಗೆ ಫ್ರೂಮೆಟ್ ಮಡಕೆಯ ಮುಚ್ಚಳ ಬೀಸಿದಳು.

ಗುರಿ ಅಂದರೆ ಅದು! ಝಾಲುಶ್ಕಿ ಊರಿನ ಕಾಗೆಗಳೆಲ್ಲ ಒಟ್ಟಿಗೇ ಹಾರಿದವು. ಗಾಡಿಯ ಝಾನ್ವೆಲ್‌ನ ಎಡಗಣ್ಣಿನ ಮೇಲೆ ರಕ್ತ ಇಳಿಯಿತು.

ಅವನು ಈ ರೊಟ್ಟಿ ಅಂಗಡಿಗೆ ಹೆಣ್ಣು ಕೇಳಲು ಬಂದು ತಿಂಗಳಾಗಿತ್ತು. ಮಾತು ಕೊಟ್ಟ ಗುರುತಿಗೆ ಎರಡೂ ಕಡೆಯ ತಾಯಂದಿರು ಸೇರಿ ತಟ್ಟೆ ಒಡೆಯುವುದು ಅವರ ಪದ್ಧತಿ. ಒಡೆದದ್ದು ಮತ್ತೆ ಕೂಡದು, ಕೊಟ್ಟ ಮಾತು ಮರಳದು. ಫ್ರೂಮೆಟ್‌ಳ ತಾಯಿ ದೋಬ್ರೆ ಬಿಳಿ ತಟ್ಟೆ ಕೆಳಗಿಳಿಸಿಯೂ ಇದ್ದಳು. ದೈವಭಯ ಇಲ್ಲದ ಗಾಡಿಯವನು ಬೇಡ ಎಂದು ಮಗಳು ಅದನ್ನು ಮತ್ತೆ ಶೆಲ್ಫಿಗೇರಿಸಿದಳು. ಅವನ ಗಾಡಿಯ ಗಂಟೆ ಕೇಳಿದರೆ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಓಡುತ್ತಿದ್ದವಳೂ ಅವಳೇ, ಅದು ಬೇರೆ ಮಾತು.

"ಬೈಗುಳ ಆಮೇಲೆ ಇಟ್ಕೋ," ಎಂದ ಝಾನ್ವೆಲ್. "ಯಹೂದಿಗಳನ್ನ ಕಡಿಯೋಕೆ ಗುಂಪು ಕಟ್ಕೊಂಡು, ಕೊಡಲಿ ಹಿಡ್ಕೊಂಡು ಬರ್ತಾ ಇದಾರೆ. ಅಮ್ಮನ್ನ ಕರ್ಕೊಂಡು ನೆಲಮಾಳಿಗೆಗೆ ಇಳಿ."

ಜೀವ ಉಳಿಸಲು ಸಬ್ಬತ್ ಮುರಿಯಬಹುದು ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. *ಒಂದು ಮಾತು ಕೇಳದೆ ಹೊಡೆದೆನಲ್ಲಾ...*

ಫ್ರೂಮೆಟ್ ತಾಯಿಯನ್ನು ಇಳಿಸಿದಳು. ತಾನು ಇಳಿಯಲಿಲ್ಲ.

ಎದುರು ಮನೆಯ ಮೇಣದಬತ್ತಿ ಮಾರುವ ಅಜ್ಜನನ್ನು ಹೊಸ್ತಿಲಲ್ಲೇ ಕಡಿದರು. ಆಮೇಲೆ ಈ ಬಾಗಿಲು. ಝಾನ್ವೆಲ್ ಗಾಡಿಯ ಮರ ಕಿತ್ತು ಅಡ್ಡ ನಿಂತ. ಒಬ್ಬನ ಭುಜ ಮುರಿಯಿತು, ಇನ್ನೊಬ್ಬನ ಹಲ್ಲು ಅವರೆಕಾಳಿನಂತೆ ಚೆಲ್ಲಿತು. ಆದರೆ ಎಡಗಣ್ಣು ರಕ್ತದಿಂದ ಮುಚ್ಚಿತ್ತು. ಕೊಡಲಿ ಎಡಗಡೆಯಿಂದಲೇ ಬಂತು.

*ನಾನು ಕುರುಡು ಮಾಡಿದ ಕಡೆಯಿಂದ...*

ಸಬ್ಬತ್ ದಿನ ಒಲೆ ಹಚ್ಚುವಂತಿಲ್ಲವೆಂದು ಹಿಂದಿನ ಸಂಜೆಯೇ ಊರವರು ಊಟದ ಮಡಕೆಗಳನ್ನು ಅವಳ ಒಲೆಗೆ ಸೇರಿಸಿ ಹೋಗಿದ್ದರು. ಕಾಳು, ಮಾಂಸ ಕುದಿಯುತ್ತಿದ್ದವು. ಫ್ರೂಮೆಟ್ ಊರ ಧರ್ಮಗುರು ರಬ್ಬಿಯ ಹೆಂಡತಿಯ ಮಡಕೆಯನ್ನು ಬರಿಗೈಯಲ್ಲಿ ಎತ್ತಿ ಅದರಲ್ಲಿದ್ದುದನ್ನು ಕೊಡಲಿಯವನ ಮುಖಕ್ಕೇ ಎರಚಿದಳು. ಅವನು ಊಳಿಟ್ಟ ಸದ್ದು ಏಳೂರಿಗೆ ಕೇಳಿಸಿರಬೇಕು. ತಲೆಗೆ ಬರುತ್ತಿದ್ದ ಕೊಡಲಿ ಝಾನ್ವೆಲ್‌ನ ಹೆಗಲು ಸೀಳಿತು. ಅವಳು ನಿಲ್ಲಲಿಲ್ಲ. ಊರಿನ ಮಧ್ಯಾಹ್ನದ ಊಟವನ್ನೆಲ್ಲ ಅವರ ಮೇಲೆ ಸುರಿದಳು. ಅಂಗೈ ಚರ್ಮ ಮಡಕೆಗಳಿಗೇ ಅಂಟಿ ಹೋಯಿತು. ಉಳಿದವರು ಓಡಿದರು.

ಸಂಜೆ ಅಂಗಡಿಯಲ್ಲಿ ಒಡೆಯದೆ ಉಳಿದಿದ್ದು ಆ ಬಿಳಿ ತಟ್ಟೆ ಒಂದೇ. ದೋಬ್ರೆ ಅವನ ಹೆಗಲು ಕಟ್ಟುತ್ತಿದ್ದಳು. ಫ್ರೂಮೆಟ್ ಬಟ್ಟೆ ಸುತ್ತಿದ ಎರಡು ಮುಷ್ಟಿಗಳ ನಡುವೆ ತಟ್ಟೆ ಹಿಡಿದು ಬಂದಳು.

"ನಂಗೆ ಅಮ್ಮ ಇಲ್ವಲ್ಲ," ಎಂದ ಅವನು ಮೆಲ್ಲಗೆ.

"ನಾನಿಲ್ವೇನೋ? ಒಂದು ಕೈ ಇವಳಮ್ಮಂದು, ಇನ್ನೊಂದು ನಿನ್ನಮ್ಮಂದು," ಎಂದಳು ದೋಬ್ರೆ.

"ಉಳಿದಿರೋದು ಇದೊಂದೇ ಕಣೇ ಫ್ರೂಮೆಟ್. ಇದನ್ನೂ ಒಡೀಬೇಕಾ?" ಎಂದ ಝಾನ್ವೆಲ್.

"ಅವರು ಒಡೆದಿದ್ದು ಸಾಕು. ಇದನ್ನ ನಾವು ಒಡೆಯೋಣ."

ದೋಬ್ರೆ ಎರಡೂ ಕೈಯಲ್ಲಿ ತಟ್ಟೆಯನ್ನು ನೆಲಕ್ಕಪ್ಪಳಿಸಿದಳು.

ಝಾನ್ವೆಲ್ ಹಣೆಯ ಗಾಯ ಮುಟ್ಟಿಕೊಂಡ. "ಇನ್ಮೇಲೆ ಹೊಡೆಯಲ್ಲ ತಾನೆ?"

ಅವಳ ಕಣ್ಣು ತುಂಬಿ ಬಂತು. "ಹೊಡೀತೀನಿ... ಆದ್ರೆ ಮೊದ್ಲು ಕೇಳ್ತೀನಿ."