ಉಳಿಸಿಕೊಳ್ಳುವ ಕೆಲಸ

"ಭಾಯ್ ಸಾಬ್, ಲೈನ್ ಮೇ ಆಯಿಯೇ!"

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಡಿಸ್ಪೆನ್ಸರಿಯ ಹೊಸ ಡಾಕ್ಟರ್ ಶ್ರಾವ್ಯಾ ಗದರಿದಳು. ಜ್ವರದ ಮಕ್ಕಳು, ಕೆಮ್ಮುವ ಮುದುಕರು... ಎಲ್ಲರನ್ನೂ ದಾಟಿ ಒಬ್ಬ ನೇರವಾಗಿ ಒಳಗೆ ಬಂದಿದ್ದ!

"ನಾ ಪೇಷಂಟ್ ಅಲ್ರೀ ಡಾಕ್ಟ್ರೇ," ಅವನು ಕನ್ನಡದಲ್ಲೇ ನಕ್ಕ. "ಶ್ರಾವ್ಯಾ ಶೆಟ್ಟಿ ಅಂದ್ರೆ ನಮ್ಮ ಕಡೆಯವರೇ ಅಲ್ವಾ? ನಾನು ಮಹಂತೇಶ್, ಹೆಡ್ ಆಫೀಸಿಂದ. ನೀವಿನ್ನೂ ಇದ್ದೀರೋ, ಓಡಿಹೋದ್ರೋ ಅಂತ ನೋಡೋಕೆ ಬಂದೆ."

"ಓಡಿಹೋಗೋಕೆ ನಾನೇನು ಕಳ್ಳಿಯಾ?"

"ಹಿಂದಿನವರೂ ಕಳ್ಳರಲ್ಲ. ಆದ್ರೂ ಓಡಿದ್ರು!"

ಅವಳಿಗೆ ನಗು ತಡೆಯಲಾಗಲಿಲ್ಲ.

ಎಳೆಯ ಡಾಕ್ಟರುಗಳನ್ನು ಹುಡುಕಿ ತರುವುದು, ಅವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಸಂಬಳ ಹೆಚ್ಚಿಸುವುದು ಅವನ ಕೈಯಲ್ಲಿರಲಿಲ್ಲ. ಆದರೆ ಜನ ಬಿಟ್ಟುಹೋಗುವುದು ಬರೀ ಸಂಬಳಕ್ಕಲ್ಲ ಎಂದು ಅವನಿಗೆ ಗೊತ್ತಿತ್ತು. ಮುಂದಿನ ವಾರವೇ ಟಾಯ್ಲೆಟ್ ಬಾಗಿಲಿಗೆ ಚಿಲಕ ಬಂತು. ಕೋಣೆಗೆ ಕೂಲರ್ ಬಂತು. ಊಟದ ಹೊತ್ತಿನಲ್ಲಿ ಬಾಗಿಲು ಬಡಿಯುವುದು ನಿಂತಿತು. ಆಮೇಲೆ ಅವನೂ ಬರತೊಡಗಿದ... ಚಹಾಕ್ಕೆ, ಸುಮ್ಮನೆ ಮಾತಿಗೆ.

ಹೊರಗೆ ಅವನ ದನಿ ಕೇಳಿದರೆ ಸಾಕು, ಶ್ರಾವ್ಯಾಳ ಎದೆಬಡಿತ ಏರುತ್ತಿತ್ತು. ಕಾಯಿಲೆ ಯಾವುದೆಂದು ಡಾಕ್ಟರಿಗೆ ಬೇರೆ ಹೇಳಬೇಕೇ!

ಔಷಧಿ ಕೊಡುವ ಪಂಕಜಾ ಆಂಟಿ ಗಮನಿಸಿದರು.

"ಹುಷಾರಮ್ಮಾ. ಹಿಂದಿನ ಡಾಕ್ಟರಿಗೂ ಹೀಗೇ ಚಹಾ ಕುಡಿಸ್ತಿದ್ದ. ಉಳಿಸ್ಕೊಳ್ಳೋದೇ ಅವನ ಡ್ಯೂಟಿ!"

'ಹಾಗಾದರೆ ಆ ನಗು... ಅದೂ ಡ್ಯೂಟಿಯೇ?'

ಮರುದಿನ ಅವಳೇ ಕೇಳಿಬಿಟ್ಟಳು.

"ಗುರ್‌ಗಾಂವ್‌ನ ಪ್ರೈವೇಟ್ ಆಸ್ಪತ್ರೆಯವರು ಕರೀತಿದ್ದಾರೆ. ಹೋಗ್ಲಾ?"

'ಬೇಡ ಅನ್ನು... ಒಂದೇ ಒಂದು ಸಲ!'

ಮಹಂತೇಶ್ ಚಹಾದ ಲೋಟ ಕೆಳಗಿಟ್ಟ. "ಹೋಗ್ರೀ. ಒಳ್ಳೆ ಅವಕಾಶ."

'ಡ್ಯೂಟಿಗಾದರೂ ಇರಿ ಅನ್ನಬಾರದಿತ್ತೇ?' ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳು ರಾಜೀನಾಮೆ ಬರೆದುಕೊಟ್ಟಳು.

ಆ ವಾರವೇ ಪಂಕಜಾ ಆಂಟಿ ಮುಖ ಸಣ್ಣ ಮಾಡಿಕೊಂಡು ಬಂದರು.

"ತಪ್ಪು ತಿಳ್ಕೊಂಡೆ ಕಣಮ್ಮಾ. ನಿನ್ನ ರಾಜೀನಾಮೆ ನೋಡಿ, 'ಹೋಗಿ ಆ ಡಾಕ್ಟರನ್ನ ಹೇಗಾದ್ರೂ ಒಪ್ಸು' ಅಂತ ಹೆಡ್ ಆಫೀಸಿನ ಸಾಹೇಬರು ಅವನಿಗೆ ಹೇಳಿದ್ರಂತೆ. 'ಬೇರೆ ಯಾರ ಹತ್ರ ಬೇಕಾದ್ರೂ ಹೋಗ್ತೀನಿ, ಅವರ ಹತ್ರ ಮಾತ್ರ ಕಳಿಸಬೇಡಿ' ಅಂದನಂತೆ. ಚೆನ್ನಾಗಿ ಬೈಸ್ಕೊಂಡಿದ್ದಾನೆ!"

ಸಂಜೆ ಹೆಡ್ ಆಫೀಸಿನ ಗೇಟಿನಲ್ಲಿ ಅವಳು ಅವನನ್ನು ಅಡ್ಡಗಟ್ಟಿದಳು.

"ಯಾಕ್ರೀ ಹೋಗಿ ಅಂದ್ರಿ?"

"ಇರಿ ಅಂದಿದ್ರೆ ಆಫೀಸಿನ ಮಾತಾಗ್ತಿತ್ತು. ದಿನಾ ಎಲ್ಲರಿಗೂ ಹೇಳೋ ಮಾತು ಅದು. ಅದನ್ನೇ ನಿಮಗೂ ಹೇಳಿದ್ರೆ, ನನ್ನ ಮನಸ್ಸು ನಿಮಗೆ ಹೆಂಗ್ ಗೊತ್ತಾಗಬೇಕು?"

"ಈಗ ಹೇಳಿ... ನಿಮ್ಮ ಮಾತು."

ಅವನು ಒಂದು ಹೆಜ್ಜೆ ಮುಂದೆ ಬಂದ. "ನೀವು ಗುರ್‌ಗಾಂವ್‌ಗೆ ಹೋದ್ರೂ... ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು.

"ನಾನು ಹೋಗ್ತಿಲ್ಲ. ರಾಜೀನಾಮೆ ವಾಪಸ್ ತಗೊಂಡೆ."

"ಅಯ್ಯೋ, ನನಗೋಸ್ಕರ ಹಂಗೆಲ್ಲಾ ಮಾಡಬೇಡ್ರೀ!"

"ನಿಮಗೋಸ್ಕರ ಅಂತ ಯಾರಂದ್ರು? 'ಬೇಟಿ, ಕಲ್ ಭೀ ಆಓಗಿ ನಾ?' ಅಂತ ಪೇಷಂಟುಗಳು ಕೇಳ್ತಾರೆ. ನಾಳೆ ಬರಲ್ಲ ಅನ್ನೋಕೆ ಬಾಯೇ ಬರಲಿಲ್ಲ."

"ಅಚ್ಛಾ... ಮತ್ತೆ ನಾನು ಕೇಳಿದ್ದು?"

ಶ್ರಾವ್ಯಾ ಅವನ ಕೈ ಹಿಡಿದಳು.

"ಅದಕ್ಕೆ ನಾನಂತೂ ಹೂಂ ಅಂದಾಯ್ತು. ಮಯೂರ್ ವಿಹಾರ್‌ನ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಇನ್ನೊಂದ್ಸಲ ಕೇಳಿ."

"ಈಗಲೇ?"

"ಚಲೋ!"